ಸೋಡಚೀಟಿ ತೀರ್ಪು ಬಂದ ಮ್ಯಾಲ: ಪೋಟಗಿ, ಆಸ್ತಿ ಮತ್ತ ಉಳಿದ ದಿನಗಳ ಲೆಕ್ಕ

2026ರ ಫೆಬ್ರವರಿ 8, ರವಿವಾರ, ಬಾಗಲಕೋಟಿ ನವನಗರದಾಗ ಒಂದು ಸಮುದಾಯ ಭವನದೊಳಗ ಸೋಡಚೀಟಿ (ವಿಚ್ಛೇದನ) ತೀರ್ಪಿನ ಬಗ್ಗೆ ಮಾತಾಡಿದ್ದನ್ನ ಬರದು ಹಾಕ್ರಿ ಅಂತ ಭಾಳ ಮಂದಿ ಕೇಳಿದ್ರು. ಫೋನಿನಾಗ ರೆಕಾರ್ಡ್ ಆಗಿದ್ದನ್ನ ಕೇಳ್ಕೋತ ಬರದೀನಿ. ಮಾತಾಡೂ ಮುಂದ ಬಾಯಿಗೆ ಬರದ ಕಲಂ ನಂಬರು ಈಗ ಸೇರಿಸೀನಿ, ಉಳದದ್ದು ಆಡಿದ ಹಂಗ ಐತಿ.

ಎಲ್ಲಾರಿಗೂ ನಮಸ್ಕಾರ ರೀ. ಮುಂದ ಕುಂತ ಅಕ್ಕಾರ, ತಂಗ್ಯಾರ, ಹಿಂದ ಗ್ವಾಡಿಗೆ ಆತು ನಿಂತ ಅಣ್ಣಾರ, ಹಿರ್ಯಾರ.

ಎರಡು ವರ್ಷದ ಹಿಂದ ಘಟಪ್ರಭಾ ದಂಡಿ ಕಡೆಯ ಒಬ್ಬ ತಂಗಿ ನನ್ನ ಆಫೀಸಿಗೆ ಬಂದ್ಲು. ಊರ ಹೆಸರು ಹೇಳಂಗಿಲ್ಲ, ಗುರುತು ಸಿಗಬಾರದಂತ ಒಂದೆರಡು ವಿವರಾನೂ ಬದಲಿ ಮಾಡೀನಿ. ಸೀರಿ ಅಂಗಡಿ ಪ್ಲಾಸ್ಟಿಕ್ ಚೀಲದಾಗ ರೇಷನ್ ಕಾರ್ಡು, ಆಧಾರ್ ಝೆರಾಕ್ಸು, ಮಗನ ಸಾಲಿ ಫೀ ರಸೀದಿ, ಅದರ ನಡುವ ನಾಕು ಮಡಿಕಿ ಮಾಡಿದ 31 ಪುಟದ ತೀರ್ಪು. ಗಂಡಗ 6 ಎಕರೆ ಕಬ್ಬು, ಕೋರ್ಟು ಕೊಟ್ಟ ಪೋಟಗಿ (ಜೀವನಾಂಶ) ತಿಂಗಳಿಗೆ 4 ಸಾವಿರ. ತವರಿನಿಂದ ಹಾಕ್ಕೊಂಡು ಹೋದ 11 ತೊಲಿ ಬಂಗಾರದ ಬಗ್ಗೆ ಒಂದು ಸಾಲು "ಸಾಬೀತಾಗಿಲ್ಲ" ಅಂತ. ತೀರ್ಪು ಬಂದು ಎಷ್ಟು ದಿನ ಆತವಾ ಅಂದೆ. 47 ದಿನ ಆತ್ರಿ ಮೇಡಂರ ಅಂದ್ಲು. ಯಾಕ ಇಷ್ಟು ತಡಾ ಮಾಡಿದಿ ಅಂದ್ರ, ಮೊದಲ ಹದಿನೈದು ದಿನ ಹಿರ್ಯಾರು ಸುಮ್ನ ಇರು ಅವ್ರ ಮಾತಾಡಾಕ ಬರತಾರ ಅಂದ್ರಂತ, ಆಮ್ಯಾಲ ಊರ ಜಾತ್ರಿ ಬಂತಂತ, ಆಮ್ಯಾಲ ಅಣ್ಣ ರೊಕ್ಕ ಹೊಂದಿಸ್ತೀನಿ ಅಂದ ಕೂಡಲೇ ಮತ್ತ ಹತ್ತು ದಿನ ಹೋತಂತ.

ನಾ ಇವತ್ತ ಇಲ್ಲಿ ಬಂದಿರೂದು ಆ 47 ದಿನದ ಸಲುವಾಗಿ. ನಮ್ಮ ಮಂದಿ ತೀರ್ಪಿಗೆ ಅಂಜಿ ಸೋಲೂದು ಕಡಿಮಿ, ದಿನ ಕಳಕೊಂಡು ಸೋಲೂದ ಹೆಚ್ಚು. ತೀರ್ಪು ಅಂದ್ರ ಒಂದ ಕಲ್ಲಲ್ಲ, ಅದರಾಗ ಮೂರು ನಾಕು ಬ್ಯಾರೆ ಬ್ಯಾರೆ ಸಂಗತಿ ಇರತಾವ: ಮದುವಿ ಮುರಿದದ್ದು, ತಿಂಗಳ ಪೋಟಗಿ, ಒಂದ ಗಂಟಿನ ರೊಕ್ಕ, ಬಂಗಾರ ಮತ್ತ ಆಸ್ತಿ. ಒಂದೊಂದಕ್ಕೂ ಹೊಳ್ಳಿ ಕೇಳೂ ದಾರಿ ಬ್ಯಾರೆ, ಗಡುವು ಬ್ಯಾರೆ. ತಿಂಗಳ ಪೋಟಗಿ ಬಾಗಲಾ ಯಾವತ್ತೂ ಪೂರ್ತಿ ಮುಚ್ಚಂಗಿಲ್ಲ, ಆದ್ರ ನೀವ ಸಹಿ ಮಾಡಿ ಒಪ್ಪಿಕೊಂಡ ರಾಜಿ ಬಾಗಲಾ ಸಹಿ ಒಣಗೂದ್ರೊಳಗ ಮುಚ್ಚಿ ಹೋಗತೈತಿ. ಈ ಎರಡರ ಫರಕು ಗೊತ್ತಿಲ್ಲದ ಎಷ್ಟೋ ಮನಿ ಹಾಳಾಗಿದ್ದನ್ನ ನೋಡೀನಿ.

ಮೊದಲ ಅಪೀಲು. ಫ್ಯಾಮಿಲಿ ಕೋರ್ಟಿನ ತೀರ್ಪಾದ್ರ 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆ 19ನೇ ಕಲಂ ಪ್ರಕಾರ ಸೀದಾ ಹೈಕೋರ್ಟಿಗೆ ಹೋಗಬೇಕು, ಅಲ್ಲಿ ಇಬ್ಬರು ನ್ಯಾಯಾಧೀಶರು ಕುಂತು ಕೇಳತಾರ. ಬಾಗಲಕೋಟಿ, ಬೆಳಗಾವಿ ಮಂದಿ ಧಾರವಾಡ ಪೀಠಕ್ಕ, ವಿಜಯಪುರದವರು ಕಲಬುರಗಿ ಪೀಠಕ್ಕ. 1997ರ ತನಕ ನಾವೂ ವಿಜಯಪುರದವ್ರೂ ಒಂದ ಜಿಲ್ಲಾ, ಆಲಮಟ್ಟಿ ಆ ದಂಡಿ ಈ ದಂಡಿ ಬೀಗರು, ಆದ್ರ ವಿಜಯಪುರ ಕಡೆಯ ಗಂಡನ ಊರಿನ ಕೋರ್ಟಿನ್ಯಾಗ ಕೇಸು ನಡದಿದ್ರ ಕಲಬುರಗಿ, ಬಾಗಲಕೋಟಿ ಕಡೆಯ ಹೆಂಡತಿ ಊರಿನ್ಯಾಗ ನಡದಿದ್ರ ಧಾರವಾಡ, ಹಿಂಗಾಗಿ ಯಾವ ಕೋರ್ಟು ತೀರ್ಪು ಕೊಟ್ಟೈತಿ ಅನ್ನೂದನ್ನ ಮೊದಲ ಪುಟದಾಗ ಓದಿ ಬಸ್ ಹತ್ತರಿ. 2008ರ ಜುಲೈಕ್ಕಿಂತ ಮೊದಲ ಇದ್ಯಾವ ಪೀಠಾನೂ ಇರಲಿಲ್ಲ, ಎಲ್ಲಾ ಬೆಂಗಳೂರು. ಪೀಠ ಬರಲಿ ಅಂತ ಈ ಭಾಗದ ವಕೀಲರು, ಮಂದಿ ವರ್ಷಗಟ್ಟಲೆ ಹೋರಾಡ್ಯಾರ. ಅದಕ್ಕ ಹೇಳ್ತೀನಿ, ಹತ್ತಿರ ಬಂದ ಹೈಕೋರ್ಟನ್ನ ಉಪಯೋಗ ಮಾಡ್ಕೊಳ್ರಿ. ಇನ್ನ ತಾಲೂಕಿನ ಸೀನಿಯರ್ ಸಿವಿಲ್ ಕೋರ್ಟಿನ ತೀರ್ಪಾಗಿದ್ರ ದಾರಿ ಬ್ಯಾರೆ ಆಗಬಹುದು, ಅದನ್ನ ವಕೀಲರಿಗೆ ತೀರ್ಪು ತೋರಿಸೇ ಕೇಳ್ರಿ, ಬಾಯಿಮಾತಿಗೆ ಬ್ಯಾಡ.

ಗಡುವು ಎಷ್ಟು? ಕುಟುಂಬ ನ್ಯಾಯಾಲಯಗಳ ಕಾಯ್ದೆದಾಗ 30 ದಿನ ಅಂತ ಐತಿ. ಹಿಂದೂ ವಿವಾಹ ಕಾಯ್ದೆ 28ನೇ ಕಲಂದಾಗ 2003ರ ತಿದ್ದುಪಡಿ ಆದ ಮ್ಯಾಲ 90 ದಿನ ಅಂತ ಐತಿ. ಯಾವುದು ನಡೀತೈತಿ ಅಂತ ಹೈಕೋರ್ಟುಗಳೊಳಗ ವಾದ ಆಗ್ಯಾವ, ಬಾಂಬೆ ಹೈಕೋರ್ಟಿನ ಪೂರ್ಣ ಪೀಠ 2016ರಾಗ 90 ಅಂತ ಹೇಳೈತಿ. ನಾ ನಿಮಗ ಹೇಳೂದು 30. ನಿಮ್ಮ ತಲಿಯೊಳಗ 90 ಅನ್ನೂ ಅಂಕಿನ ಇರಬಾರದು. ಆ ವಾದ ಏನಿದ್ರೂ ತಡಾ ಆದವ್ರ ಪರವಾಗಿ ವಕೀಲರು ಮಾಡೂದು, ನೀವು ಮನ್ಯಾಗ ಕುಂತು ಧೈರ್ಯ ತಗೊಳ್ಳೂದಕ್ಕಲ್ಲ. ತಡಾ ಆಗೇ ಹೋದ್ರ ಕಾಲಮಿತಿ ಕಾಯ್ದೆ 5ನೇ ಕಲಂ ಅಡಿ ವಿಳಂಬ ಮನ್ನಾ ಮಾಡ್ರಿ ಅಂತ ಅರ್ಜಿ ಹಾಕಬಹುದು, ಆಸ್ಪತ್ರಿ ಚೀಟಿ, ಹೆರಿಗಿ, ಸಾವು ನೋವು, ಏನ ಕಾರಣ ಐತಿ ಅದಕ್ಕ ಕಾಗದ ಬೇಕು. ಹಿರ್ಯಾರು ತಡೀ ಅಂದ್ರು ಅನ್ನೂದಕ್ಕ ಯಾವ ಕಾಗದ ತರತೀರಿ?

ಈಗ ನಕಲಿನ ವಿಷಯ, ಇದನ್ನ ಲಕ್ಷ್ಯ ಕೊಟ್ಟು ಕೇಳ್ರಿ. ಅಪೀಲಿಗೆ ತೀರ್ಪಿನ ದೃಢೀಕೃತ ನಕಲು ಬೇಕು, ಝೆರಾಕ್ಸು ನಡಿಯಂಗಿಲ್ಲ. ನಕಲಿಗೆ ಅರ್ಜಿ ಹಾಕಿದ ದಿನದಿಂದ ಅದು ತಯಾರಾಗೂ ದಿನದ ತನಕ ಎಷ್ಟು ದಿನ ಹೋಗತಾವೋ ಅವು 30ರಾಗ ಲೆಕ್ಕ ಹಿಡಿಯಂಗಿಲ್ಲ, ಕಾಲಮಿತಿ ಕಾಯ್ದೆ 12ನೇ ಕಲಂ ಅದನ್ನ ಬಿಡತೈತಿ. ಆದ್ರ ಅರ್ಜಿ ಹಾಕೂದಕ್ಕ ಮೊದಲ ನೀವು ಸುಮ್ನ ಕುಂತ ದಿನ ಲೆಕ್ಕಕ್ಕ ಬರತಾವ, ನಕಲು ತಯಾರಾದ ಮ್ಯಾಲ ನೀವು ತರಾಕ ಹೋಗದ ದಿನಾನೂ ಲೆಕ್ಕಕ್ಕ ಬರತಾವ. ನಕಲಿನ ಕಡೀ ಪುಟ ಹೊಳ್ಳಿಸಿ ನೋಡ್ರಿ, ಒಂದು ಶಿಕ್ಕಾ ಇರತೈತಿ: ಅರ್ಜಿ ಹಾಕಿದ ತಾರೀಖು, ತಯಾರಾದ ತಾರೀಖು, ಕೊಟ್ಟ ತಾರೀಖು. 31 ಪುಟದ ತೀರ್ಪಿನೊಳಗ ನೀವು ಇಂಗ್ಲಿಷ್ ಓದಾಕ ಬರದಿದ್ರೂ ಅಡ್ಡಿಯಿಲ್ಲ, ಆ ಮೂರು ತಾರೀಖು ಓದಾಕ ಕಲೀರಿ. ಇನ್ನೊಂದು ಮಾತು, ಇದು ಭಾಳ ವಕೀಲರೂ ಕಕ್ಷಿದಾರರಿಗೆ ಹೇಳೂದಿಲ್ಲ: ಹಿಂದೂ ವಿವಾಹ ಕಾಯ್ದೆ 23ನೇ ಕಲಂ 4ನೇ ಉಪಕಲಂ ಪ್ರಕಾರ ವಿಚ್ಛೇದನದ ಡಿಕ್ರಿ ಕೊಟ್ಟ ಕೋರ್ಟು ಅದರ ಒಂದು ನಕಲನ್ನ ಎರಡೂ ಪಾರ್ಟಿಗೆ ಪುಕ್ಕಟೆ ಕೊಡಬೇಕು. ಕೇಳ್ರಿ. ನಿಮ್ಮ ಹಕ್ಕು ಅದು.

ಅಪೀಲು ಹಾಕಿದ ಕೂಡಲೇ ಕೆಳಗಿನ ತೀರ್ಪು ನಿಂತ ಹೋಗತೈತಿ ಅಂತ ಗಂಡಸರು ತಿಳ್ಕೊಂಡಿರತಾರ. ನಿಲ್ಲಂಗಿಲ್ಲ ರೀ. ಸಿವಿಲ್ ಪ್ರಕ್ರಿಯಾ ಸಂಹಿತೆ 41ನೇ ಆದೇಶ 5ನೇ ನಿಯಮದಾಗ ಸ್ಪಷ್ಟ ಐತಿ, ಸ್ಟೇ ಬ್ಯಾರೆ ಕೇಳಬೇಕು, ಕೋರ್ಟು ಕೊಡಬೇಕು. ರೊಕ್ಕದ ವಿಷಯದಾಗ ಸ್ಟೇ ಕೊಟ್ರೂ ಇಂತಿಷ್ಟು ಮೊದಲ ಕಟ್ಟು ಅಂತ ಷರತ್ತು ಹಾಕೂದ ಹೆಚ್ಚು. ಸ್ಟೇ ಇಲ್ಲದ ಪೋಟಗಿ ನಿಲ್ಲಿಸಿದ್ರ ಬಾಕಿ ಏರ್ಕೋತ ಹೋಗತೈತಿ, ಆಕಿ ಅಮಲ್ಜಾರಿ ಅರ್ಜಿ (ತೀರ್ಪು ಜಾರಿ ಮಾಡಸ್ರಿ ಅನ್ನೂ ಅರ್ಜಿ) ಹಾಕಿದ್ರ ಜಪ್ತಿನೂ ಬರತೈತಿ.

ಆ ತಂಗಿ ಕೇಸಿಗೆ ಬರ್ತೀನಿ, ಯಾಕಂದ್ರ ಈ ಜಿಲ್ಲಾದಾಗ ನಿಜವಾದ ಜಗಳ ಇರೂದು ಅಲ್ಲೇ. ಗಂಡ ಕೋರ್ಟಿನ್ಯಾಗ ಹೇಳಿದ್ದು, ನಾ ಒಕ್ಕಲಿಗ (ಒಕ್ಕಲುತನ ಮಾಡಾಂವ), ಪಗಾರ ಇಲ್ಲ, ಮಳಿ ಇಲ್ಲ, ಸಾಲ ಐತಿ, ತಿಂಗಳಿಗೆ 8 ಸಾವಿರ ಉಳದ್ರ ಭಾಳ. ಇಕಿ ಕಡೆ ಅದನ್ನ ಸುಳ್ಳಂತ ತೋರಿಸೂ ಒಂದ ಕಾಗದ ಇರಲಿಲ್ಲ. ನೌಕರಿ ಇದ್ದವಂದು ಪಗಾರ ಚೀಟಿ ಸಿಗತೈತಿ, ಒಕ್ಕಲಿಗಂದು ಹೆಂಗ? ನಾವಿಬ್ಬರೂ ಕುಂತು ಲೆಕ್ಕಾ ಹಾಕಿದ್ವಿ. 6 ಎಕರೆ, ಎಕರೆಗೆ 40 ಟನ್ ಅಂತ ಹಿಡೀರಿ, 240 ಟನ್. ಟನ್ನಿಗೆ 3 ಸಾವಿರ ಅಂದ್ರೂ 7 ಲಕ್ಷ 20 ಸಾವಿರ. ಗೊಬ್ಬರ, ನೀರು, ಕಟಾವು, ಆಳು, ಸಾಲದ ಬಡ್ಡಿ ಅಂತ ಅರ್ಧಕ್ಕರ್ಧ ತಗೀರಿ, ಉಳದದ್ದು ವರ್ಷಕ್ಕ 3 ಲಕ್ಷ 60 ಸಾವಿರ, ಅಂದ್ರ ತಿಂಗಳಿಗೆ 30 ಸಾವಿರ. ಇದನ್ನ ಹೇಳೂ ಕಾಗದ ಎಲ್ಲೈತಿ? ಸಕ್ಕರಿ ಕಾರ್ಖಾನಿದಾಗ. ಕಬ್ಬು ಕಳಿಸಿದ ಪ್ರತಿ ಗಾಡಿಗೂ ತೂಕದ ಚೀಟಿ ಐತಿ, ಬಿಲ್ಲು ಬ್ಯಾಂಕ್ ಖಾತೆಗೆ ಜಮಾ ಆಗತೈತಿ. ಕೆಲವರು ಕಬ್ಬನ್ನ ಅಣ್ಣನ ಹೆಸರಿಗೋ ಅಪ್ಪನ ಹೆಸರಿಗೋ ಕಳಸತಾರ, ಅದಕ್ಕ ಹೊಲದ ಉತಾರ (ಪಹಣಿ) ಮತ್ತ ಕಾರ್ಖಾನಿ ಬಿಲ್ಲು ಎರಡನ್ನೂ ಜೋಡಿಲೆ ಇಟ್ಟು ನೋಡಬೇಕು, ಉತಾರದಾಗ ಇವನ ಹೆಸರು, ಬೆಳಿ ಕಾಲಂದಾಗ ಕಬ್ಬು, ಬಿಲ್ಲಿನಾಗ ಮಾತ್ರ ಅಣ್ಣ, ಹಿಂಗಿದ್ರ ಕೋರ್ಟಿಗೆ ತಾನ ತಿಳೀತೈತಿ.

2020ರ ನವೆಂಬರ್ 4ಕ್ಕ ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಪ್ರಕರಣದಾಗ ಒಂದು ದೊಡ್ಡ ತೀರ್ಪು ಕೊಟ್ತು, ಪೋಟಗಿ ಕೇಸಿನ್ಯಾಗ ಗಂಡ ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ಟು ಕೊಡಾಕಬೇಕು ಅಂತ. ಅದರ ಜೋಡಿ ಅಫಿಡವಿಟ್ಟಿನ ನಮೂನೆನೂ ಕೊಟ್ಟೈತಿ, ಒಂದ ನಮೂನೆ ಅಲ್ಲ, ಒಕ್ಕಲುತನದವರಿಗೆ ಬ್ಯಾರೆ ನಮೂನೆ ಐತಿ! ಹೊಲ ಎಷ್ಟು, ನೀರಾವರಿ ಎಷ್ಟು ಒಣ ಎಷ್ಟು, ಏನ ಬೆಳಿ, ದನಾ ಎಷ್ಟು, ಎಲ್ಲಾ ಬರೀಬೇಕು. ನಾ ನೋಡಿದ ಎಷ್ಟೋ ಫೈಲಿನೊಳಗ ಒಕ್ಕಲಿಗ ಗಂಡ ಪಟ್ಟಣದವರ ನಮೂನೆ ತುಂಬಿ ಪಗಾರ ಅನ್ನೂ ಜಾಗಾದಾಗ "ಇಲ್ಲ" ಅಂತ ಬರದು ಕೈ ತೊಳ್ಕೊಂಡಿರತಾನ, ಈ ಕಡೆ ವಕೀಲರು ಅದನ್ನ ಕೇಳಿರೂದಿಲ್ಲ. ಅಪೀಲಿನ್ಯಾಗ ಇದು ಒಂದು ಗಟ್ಟಿ ಅಂಶ. ಸುಳ್ಳು ಅಫಿಡವಿಟ್ಟು ಕೊಟ್ಟಿದ್ರ ಅದರ ಮ್ಯಾಲ ಬ್ಯಾರೆ ಕ್ರಮಾನೂ ಕೇಳಬಹುದು. ಅದೇ ತೀರ್ಪಿನ್ಯಾಗ ಪೋಟಗಿ ಅರ್ಜಿ ಹಾಕಿದ ದಿನದಿಂದ ಕೊಡಬೇಕು ಅಂತಾನೂ ಐತಿ, ನಿಮಗ ಆದೇಶದ ದಿನದಿಂದ ಅಷ್ಟ ಕೊಟ್ಟಿದ್ರ ಅದನ್ನೂ ಪ್ರಶ್ನೆ ಮಾಡ್ರಿ.

ಆದ್ರ ಒಂದು ತೊಡಕೈತಿ. ಅಪೀಲು ಅಂದ್ರ ಮೊದಲಿಂದ ಹೊಸ ಕೇಸಲ್ಲ. ಕೆಳಗಿನ ಕೋರ್ಟಿನ್ಯಾಗ ಇಡದ ಪುರಾವೆನ ಮ್ಯಾಲ ಸುಮ್ನ ಇಡಾಕ ಬರಂಗಿಲ್ಲ, 41ನೇ ಆದೇಶ 27ನೇ ನಿಯಮದ ಅಡಿ ಅರ್ಜಿ ಹಾಕಿ, ಕೆಳಗ ನಾ ಕೇಳಿದ್ದೆ ಅವ್ರು ತಗೊಳ್ಳಲಿಲ್ಲ ಅಂತಾನೋ, ಎಷ್ಟು ಬಡಿದಾಡಿದ್ರೂ ಆವಾಗ ಸಿಗಲಿಲ್ಲ ಅಂತಾನೋ ತೋರಿಸಬೇಕು, ಇಲ್ಲಾಂದ್ರ ತೀರ್ಪು ಕೊಡಾಕ ಇದು ಬೇಕ ಅಂತ ಹೈಕೋರ್ಟಿಗೇ ಅನಸಬೇಕು. ಅದಕ್ಕ ಈಗ ಕೇಸು ನಡದಿರೋರು ಯಾರಾರ ಇಲ್ಲಿದ್ರ, ಕಾರ್ಖಾನಿ ಲೆಕ್ಕಾ ತರಿಸ್ರಿ ಅಂತ ಈಗ ಅರ್ಜಿ ಹಾಕ್ರಿ, ತಿರಸ್ಕಾರ ಆದ್ರೂ ಚಿಂತಿಲ್ಲ, ಆ ತಿರಸ್ಕಾರದ ಆದೇಶಾನ ನಾಳೆ ಮ್ಯಾಲ ಹೋದಾಗ ನಿಮ್ಮ ಕೈ ಹಿಡೀತೈತಿ.

ಇನ್ನ ಕೆಲವರಿಗೆ ಕೇಸ ನಡದದ್ದ ಗೊತ್ತಿರೂದಿಲ್ಲ. ಗಂಡನ ಮನಿ ವಿಳಾಸಕ್ಕ ನೋಟಿಸು ಹೋಗಿರತೈತಿ, ಆಕಿ ಮೂರು ವರ್ಷದಿಂದ ತವರಮನ್ಯಾಗ, ಅಲ್ಲಿ ಯಾರೋ ಇಲ್ಲ ಅಂದಿರತಾರ, ಬಾಗಲಿಗೆ ಹಚ್ಚಿ ಹೋಗಿರತಾರ, ಕಡೀಕ ಎಕ್ಸ್‌ಪಾರ್ಟಿ ಡಿಕ್ರಿ, ಅಂದ್ರ ಒಂದ ಕಡೆಯವರ ಮಾತಷ್ಟ ಕೇಳಿ ಕೊಟ್ಟ ತೀರ್ಪು. ಇದಕ್ಕ ಅಪೀಲಿನ ಜೋಡಿ ಇನ್ನೊಂದು ದಾರಿ ಐತಿ, ಸಿವಿಲ್ ಪ್ರಕ್ರಿಯಾ ಸಂಹಿತೆ 9ನೇ ಆದೇಶ 13ನೇ ನಿಯಮ, ಅದ ಕೋರ್ಟಿಗೆ ಹೋಗಿ ನನಗ ನೋಟಿಸು ಮುಟ್ಟಿಲ್ಲ, ಡಿಕ್ರಿ ರದ್ದು ಮಾಡಿ ನನ್ನ ಮಾತೂ ಕೇಳ್ರಿ ಅನ್ನೂದು. ಇಲ್ಲೂ 30 ದಿನ, ಆದ್ರ ನೋಟಿಸು ಸರಿಯಾಗಿ ಮುಟ್ಟಿರದಿದ್ರ ಆ 30 ಶುರು ಆಗೂದು ನಿಮಗ ವಿಷಯ ಗೊತ್ತಾದ ದಿನದಿಂದ. ಗೊತ್ತಾದ ದಿನ ಯಾವುದು ಅಂತ ನಾಳೆ ಜಗಳ ಬರತೈತಿ, ಹಿಂಗಾಗಿ ಆ ದಿನ ಬಂದ ವಾಟ್ಸ್ಯಾಪ್ ಮೆಸೇಜು, ಪೋಸ್ಟಿನ ಕವರು, ಏನಿದ್ರೂ ಒಗೀಬ್ಯಾಡ್ರಿ. ತಾರೀಖು ಗೊತ್ತಿದ್ದೂ ಸುಮ್ನ ಉಳಿದವರಿಗೆ ಮಾತ್ರ ನೋಟಿಸಿನಾಗ ಸಣ್ಣ ತಪ್ಪೈತಿ ಅಂತ ಈ ದಾರಿ ಸಿಗಂಗಿಲ್ಲ.

ಆಸ್ತಿ. ಇಲ್ಲಿ ಮೊದಲ ಒಂದು ತಪ್ಪು ತಿಳುವಳಿಕಿ ತಗದ ಹಾಕಬೇಕು. ಗಂಡನ ಆಸ್ತಿಯೊಳಗ ಅರ್ಧ ಹೆಂಡತಿಗೆ ಅಂತ ಮೊಬೈಲಿನಾಗ ವಿಡಿಯೋ ಬರತಾವ, ಅವು ಹೊರದೇಶದವು. ನಮ್ಮಲ್ಲಿ ಹಂಗ ಕಾನೂನಿಲ್ಲ. ಚೋರ್ಲಾ ಘಾಟ್ ಇಳಿದು ಗೋವಾಕ್ಕ ಹೋದ್ರ ಅಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಸಂಹಿತೆ ಐತಿ, ಬ್ಯಾರೆ ಕರಾರು ಇರದಿದ್ರ ಗಂಡ ಹೆಂಡತಿ ಆಸ್ತಿ ಇಬ್ಬರದೂ, ಬೆಳಗಾವಿ ಕಡೆಯಿಂದ ಗೋವಾಕ್ಕ ಕೊಟ್ಟವರು ಇದನ್ನ ಲಕ್ಷ್ಯದಾಗ ಇಟ್ಕೊಳ್ರಿ. ಇಲ್ಲಿ ಹೊಲ ಗಂಡನ ಹೆಸರಿನಾಗಿದ್ರ ಅದು ಅವಂದ. ಅದನ್ನ ಅರ್ಧ ಮಾಡ್ರಿ ಅಂತ ಅಪೀಲು ಹಾಕಿದ್ರ ರೊಕ್ಕಾನೂ ಹೋಗತೈತಿ ವರ್ಷಾನೂ ಹೋಗತಾವ.

ಹಂಗಾದ್ರ ಏನ ಕೇಳಬಹುದು? ನಿಮ್ಮ ಸ್ತ್ರೀಧನ (ಮದುವಿಯೊಳಗ ನಿಮಗ ಬಂದ ಬಂಗಾರ, ಸಾಮಾನು) ಪೂರ್ತಿ ನಿಮ್ಮದು, 1985ರಾಗ ಪ್ರತಿಭಾ ರಾಣಿ ಪ್ರಕರಣದಾಗ ಸುಪ್ರೀಂ ಕೋರ್ಟು ಅದನ್ನ ಖಡಾಖಂಡಿತ ಹೇಳೈತಿ, ಗಂಡನ ಮನ್ಯಾಗ ಇಟ್ಟಿದ್ದ ಮಾತ್ರಕ್ಕ ಅದು ಗಂಡಂದಾಗಂಗಿಲ್ಲ. ಮದುವಿ ಹೊತ್ತಿನ್ಯಾಗ ಇಬ್ಬರಿಗೂ ಸೇರಿ ಬಂದ ಸಾಮಾನಿನ ಬಗ್ಗೆ ಹಿಂದೂ ವಿವಾಹ ಕಾಯ್ದೆ 27ನೇ ಕಲಂ ಐತಿ. ನೀವು ರೊಕ್ಕ ಹಾಕಿ ಕೊಂಡ ಪ್ಲಾಟು ಗಂಡನ ಹೆಸರಿಗಿದ್ರ ಗಂಡ ಹೆಂಡತಿ ನಡುವಿನ ಆಸ್ತಿ ದಾವಾ ಅಂತ ಫ್ಯಾಮಿಲಿ ಕೋರ್ಟಿನ್ಯಾಗನ ಕೇಳಬಹುದು. ಪಿತ್ರಾರ್ಜಿತ ಹೊಲದಾಗ ಮಕ್ಕಳ ಪಾಲು, ಮಗಳದೂ ಹಿಡದು, ನಿಮ್ಮ ಸೋಡಚೀಟಿಯಿಂದ ಹೋಗಂಗಿಲ್ಲ, ಅಪ್ಪ ಅವ್ವ ಬ್ಯಾರೆ ಆದ್ರೂ ಮಕ್ಕಳು ಆ ಮನಿ ಮಕ್ಕಳ.

ಆ ತಂಗಿಗೆ ಕೇಳಿದೆ, ನಿನ್ನ ಮದುವಿ ಯಾದಿ ಎಲ್ಲೈತವಾ ಅಂತ. ನಮ್ಮ ಕಡೆ ಮಾತುಕತಿ ಮುಗಿದ ಮ್ಯಾಲ ಹಿರ್ಯಾರು ಕುಂತು ಯಾದಿ ಬರೀತಾರಲ್ಲ, ಯಾರ ಏನ ಹಾಕೂದು, ಎಷ್ಟು ತೊಲಿ, ಎಷ್ಟು ಸೀರಿ, ಕಡೀಕ ನಾಕು ಮಂದಿ ಸಹಿ. ಆಕಿ ಕೇಸಿನ್ಯಾಗ ಯಾರೂ ಅದನ್ನ ಕೇಳಿರಲಿಲ್ಲ. ಮನಿಗೆ ಹೋಗಿ ಅವ್ವನ ಟ್ರಂಕ್ ತಗದು ಹುಡುಕಿದ್ರ ಅರಿಷಿಣ ಹತ್ತಿದ ಎರಡು ಹಾಳಿ ಸಿಕ್ಕು, ಬೋರಮಾಳ 3 ತೊಲಿ, ಬಿಲ್ವಾರ 4 ತೊಲಿ, ಹಿಂಗ ಸಾಲಾಗಿ. ಸಹಿ ಮಾಡಿದವರಾಗ ಇಬ್ಬರು ತೀರಿಕೊಂಡಿದ್ರು, ಒಬ್ಬ ಕಾಕಾ ಇನ್ನೂ ಅದಾನ. ಅದರ ಜೋಡಿ ಮದುವಿ ಫೋಟೋ ಆಲ್ಬಮ್ಮು, ಬಂಗಾರದ ಅಂಗಡಿ ಪಾವತಿ. ಒಂದು ಎಚ್ಚರ, ಯಾದಿದಾಗ ಗಂಡಿನ ಕಡೆಗೆ ಕೊಟ್ಟ ರೊಕ್ಕ ಬರದಿದ್ರ ಅದು ವರದಕ್ಷಿಣೆ ಮಾತಾಗತೈತಿ, ಕೋರ್ಟಿಗೆ ಇಡೂ ಮೊದಲ ವಕೀಲರಿಗೆ ತೋರಿಸ್ರಿ.

ಇನ್ನ ನಮ್ಮ ಬೀಳಗಿ, ಬಾಗಲಕೋಟಿ, ಜಮಖಂಡಿ ಕಡೆಯ ಮುಳುಗಡಿ ಮಂದಿ ವಿಷಯ. ಆಲಮಟ್ಟಿ ಡ್ಯಾಮು 519.60 ಮೀಟರಿನಿಂದ 524.256ಕ್ಕ ಏರಸೂ ಸಲುವಾಗಿ ಮುಳುಗೂ ಹೊಲಕ್ಕ ನೀರಾವರಿದಿದ್ರ ಎಕರೆಗೆ 40 ಲಕ್ಷ, ಒಣ ಹೊಲಕ್ಕ 30 ಲಕ್ಷ ಅಂತ ಸರ್ಕಾರ 2025ರ ಸೆಪ್ಟೆಂಬರಿನಾಗ ತೀರ್ಮಾನ ಮಾಡೈತಿ. ಒಂದ ಸಲ ವಿಚಾರ ಮಾಡ್ರಿ. ಐದು ವರ್ಷದ ಹಿಂದ ಒಣ ಹೊಲ, ಉತ್ಪನ್ನ ಇಲ್ಲ ಅಂತ ತಿಂಗಳಿಗೆ 3 ಸಾವಿರ ಪೋಟಗಿ ಆದವನ ಖಾತೆಗೆ ನಾಳೆ ಕೋಟಿ ಬರಬಹುದು. ಅಪೀಲಿನ ಗಡುವು ಯಾವಾಗೋ ಮುಗದೈತಿ. ಆದ್ರೂ ದಾರಿ ಐತಿ, ಅದ ಹಿಂದೂ ವಿವಾಹ ಕಾಯ್ದೆ 25ನೇ ಕಲಂ 2ನೇ ಉಪಕಲಂ: ಪರಿಸ್ಥಿತಿ ಬದಲಾಗಿದ್ರ ಪೋಟಗಿ ಹೆಚ್ಚು ಮಾಡಬಹುದು, ಕಡಿಮಿ ಮಾಡಬಹುದು, ರದ್ದೂ ಮಾಡಬಹುದು. ಇದಕ್ಕ 30 ದಿನದ ಗಡುವಿಲ್ಲ, ತೀರ್ಪು ಕೊಟ್ಟ ಕೋರ್ಟಿಗೇ ಅರ್ಜಿ. ಹಳೇ ದಂಡ ಪ್ರಕ್ರಿಯಾ ಸಂಹಿತೆ (CrPC) 125ನೇ ಕಲಂ ಅಡಿ ಆದ ಪೋಟಗಿ ಆದೇಶ ಆಗಿದ್ರ ಹೆಚ್ಚು ಕಡಿಮಿ ಮಾಡೂ ಕಲಂ ಮೊದಲ 127 ಇತ್ತು, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆದಾಗ 125 ಹೋಗಿ 144 ಆಗೈತಿ, 127 ಹೋಗಿ 146. ಆ ಆದೇಶ ತಪ್ಪಂತ ಹೈಕೋರ್ಟಿಗೆ ಹೋಗೂದಾದ್ರ ಅಪೀಲಲ್ಲ, ರಿವಿಜನ್ (ಪುನರ್‌ಪರಿಶೀಲನಾ ಅರ್ಜಿ), 90 ದಿನ. ಸೋಡಚೀಟಿ ಆಗೂ ಮುಂದ ಪೋಟಗಿ ಕೇಳದ ಬಿಟ್ಟವರೂ 25ನೇ ಕಲಂ ಅಡಿ ಆಮ್ಯಾಲ ಕೇಳಬಹುದು, ಡಿಕ್ರಿ ಆದ ನಂತರ ಯಾವಾಗಾದ್ರೂ ಅಂತ ಕಾಯ್ದೆದಾಗನ ಐತಿ.

25ನೇ ಕಲಂದಾಗ ಇನ್ನೊಂದು ಸೌಲತ್ತೈತಿ, ಪೋಟಗಿಗೆ ಭದ್ರತಾ ಅಂತ ಗಂಡನ ಹೊಲದ ಮ್ಯಾಲ ಬೋಜಾ ಕೂಡಿಸ್ರಿ ಅಂತ ಕೇಳಬಹುದು. ಬ್ಯಾಂಕ್ ಸಾಲದ ಬೋಜಾ ಉತಾರದಾಗ ಏರಿದ ಹಂಗ ನಿಮ್ಮ ಪೋಟಗಿ ಬೋಜಾನೂ ಏರಿದ್ರ ಅಂವ ಸಪ್ಪಳಿಲ್ಲದ ಮಾರಿ ಹೋಗಾಕ ಆಗಂಗಿಲ್ಲ. ನಾ ಇಷ್ಟು ವರ್ಷದಾಗ ನೋಡಿದ ಅರ್ಜಿಗಳೊಳಗ ಇದನ್ನ ಕೇಳಿದವು ಭಾಳ ಕಡಿಮಿ. ಅದು ನನಗ ಸಂಕಟ ಅನಸತೈತಿ.

ಅಣ್ಣಾರ, ನಿಮಗೂ ಇದ ಕಲಂ. ನೌಕರಿ ಹೋಗೈತಿ, ಪಾರ್ಶ್ವವಾಯು ಹೊಡದೈತಿ, ಆಕಿ ಬ್ಯಾರೆ ಮದುವಿ ಆಗ್ಯಾಳ, ಹಿಂಗಿದ್ರ ಅರ್ಜಿ ಹಾಕ್ರಿ. ಸುಮ್ನ ಕೊಡೂದು ನಿಲ್ಲಿಸಿ ಕುಂತ್ರ ಕಾರಣ ಎಷ್ಟ ಖರೇ ಇದ್ರೂ ಬಾಕಿ ನಿಮ್ಮ ಮ್ಯಾಲ. ಗಂಡ ನಿಜವಾಗಿ ಸೋತಾಗ ಕೋರ್ಟು ಕಡಿಮಿ ಮಾಡಿದ್ದನ್ನೂ ನಾ ನೋಡೀನಿ, ಅದು ಸರಿನೂ ಹೌದು. ಪೋಟಗಿ ದಂಡ ಅಲ್ಲ, ಇಬ್ಬರೂ ಬದುಕಬೇಕು. ಆದ್ರ ಬೆಲಿ ಏರಿದ ಹಂಗ ಏರಬೇಕು ಅನ್ನೂದೂ ನ್ಯಾಯ, 2025ರಾಗ ರಾಖಿ ಸಾಧುಖಾನ್ ಪ್ರಕರಣದಾಗ ಸುಪ್ರೀಂ ಕೋರ್ಟು ತಿಂಗಳಿಗೆ 50 ಸಾವಿರಕ್ಕ ಏರಿಸಿ ಎರಡು ವರ್ಷಕ್ಕೊಮ್ಮೆ ಶೇಕಡಾ 5 ಹೆಚ್ಚು ಮಾಡ್ಕೋತ ಹೋಗಬೇಕು ಅಂತ ಹೇಳೈತಿ. ಅಂಥ ಏರಿಕಿ ನಿಮ್ಮ ತೀರ್ಪಿನ್ಯಾಗ ಇಲ್ಲಾಂದ್ರ ಅಪೀಲಿನ್ಯಾಗ ಕೇಳ್ರಿ.

ಈಗ ರಾಜಿ. ಇಲ್ಲಿ ನನ್ನ ದನಿ ಏರಿದ್ರ ಕ್ಷಮಾ ಮಾಡ್ರಿ. ಒಬ್ಬಾಕಿ, ಎರಡು ಹೆಣ್ಣು ಹುಡುಗ್ರು, ಲೋಕ ಅದಾಲತ್ತಿನ್ಯಾಗ 3 ಲಕ್ಷಕ್ಕ ಸಹಿ ಮಾಡಿ ಬಂದ್ಲು. "ಇನ್ನು ಮುಂದೆ ಯಾವ ಹಕ್ಕೂ ಇರುವುದಿಲ್ಲ" ಅಂತ ಬರದ ಸಾಲು ಆಕಿಗೆ ಯಾರೂ ಓದಿ ಹೇಳಿರಲಿಲ್ಲ, ಕೂಡಿದ ಹಿರ್ಯಾರು ಮಾಡವಾ ಮಾಡು, ಕೋರ್ಟು ತಿರಗೂದು ತಪ್ಪತೈತಿ ಅಂದಿದ್ರು. ಆರು ತಿಂಗಳಿಗೆ ನನ್ನ ಕಡೆ ಬಂದ್ಲು, ಅಪೀಲು ಹಾಕ್ರಿ ಬಾಯಾರ ಅಂತ. ಹೆಂಗ ಹಾಕ್ಲಿ? ಒಪ್ಪಿಗಿ ಡಿಕ್ರಿಗೆ ಅಪೀಲಿಲ್ಲ ಅಂತ 19ನೇ ಕಲಂದಾಗನ ಐತಿ. ಲೋಕ ಅದಾಲತ್ತಿನ ತೀರ್ಮಾನಕ್ಕ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 21ನೇ ಕಲಂ ಪ್ರಕಾರ ಅಪೀಲಿಲ್ಲ, ಹೈಕೋರ್ಟಿಗೆ ರಿಟ್ ಒಂದ ದಾರಿ, ಅದೂ ಭಾಳ ಸಣ್ಣ ದಾರಿ. ಕೋರ್ಟಿನ್ಯಾಗ ಆದ ರಾಜಿ ಮೋಸದಿಂದ ಆಗೈತಿ ಅನ್ನೋರು ಹೊಸ ದಾವಾ ಹಾಕಾಕ ಬರಂಗಿಲ್ಲ, ಆ ರಾಜಿ ದಾಖಲ ಮಾಡಿದ ಕೋರ್ಟಿಗೇ ಹೋಗಿ ಮೋಸ ಸಾಬೀತು ಮಾಡಬೇಕು. ಮೋಸದಿಂದ ಪಡದ ಡಿಕ್ರಿ ಡಿಕ್ರಿನ ಅಲ್ಲ ಅಂತ ಸುಪ್ರೀಂ ಕೋರ್ಟು 1993ರ ಚೆಂಗಲ್ವರಾಯ ನಾಯ್ಡು ಪ್ರಕರಣದಾಗ ಹೇಳೈತಿ ಖರೇ, ಆದ್ರ ಗಂಡ ಆಸ್ತಿ ಮುಚ್ಚಿಟ್ಟ ಅನ್ನೂದು ಬ್ಯಾರೆ, ನಾ ಓದದ ಸಹಿ ಮಾಡಿದೆ ಅನ್ನೂದು ಬ್ಯಾರೆ. ಎರಡನೇದಕ್ಕ ಕೋರ್ಟು ಕರಗೂದು ಅಪರೂಪ.

ನಮ್ಮ ಕರ್ನಾಟಕದ್ದ ಒಂದು ಪ್ರಕರಣ ಐತಿ, ನಾಗೇಂದ್ರಪ್ಪ ನಾಟಿಕಾರ ವಿರುದ್ಧ ನೀಲಮ್ಮ, 2013ರಾಗ ಸುಪ್ರೀಂ ಕೋರ್ಟಿನ್ಯಾಗ ತೀರ್ಮಾನ ಆತು. 125ನೇ ಕಲಂ ಕೇಸಿನ್ಯಾಗ ಒಂದ ಗಂಟು ತಗೊಂಡು ಮುಂದ ಏನೂ ಕೇಳಂಗಿಲ್ಲ ಅಂತ ರಾಜಿ ಆಗಿದ್ರೂ, ಆಮ್ಯಾಲ ಹೆಂಡತಿ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 18ನೇ ಕಲಂ ಅಡಿ ಹಾಕಿದ ದಾವಾಕ್ಕ ಆ ರಾಜಿ ಅಡ್ಡ ಬರಂಗಿಲ್ಲ ಅಂತ. ಇದನ್ನ ಕೇಳಿ ಎಲ್ಲಾರೂ ಖುಷಿ ಪಡಬ್ಯಾಡ್ರಿ, ಆ ಕಲಂ ಹೆಂಡತಿಗೆ ಇರೂದು, ಸೋಡಚೀಟಿ ಆದವರಿಗೆ ಅಲ್ಲ. ಆದ್ರ ಮಕ್ಕಳ ಹೊಟ್ಟಿಪಾಡನ್ನ ಅವ್ವ ಸಹಿ ಮಾಡಿ ಮಾರಾಕ ಬರಂಗಿಲ್ಲ. ಆ ಎರಡು ಹೆಣ್ಣು ಹುಡುಗ್ರ ಪರವಾಗಿ ನಾವು ಬ್ಯಾರೆ ಅರ್ಜಿ ಹಾಕಿದ್ವಿ. ಅವ್ವಗ ಹೋದದ್ದು ಹೋತು.

ಮುಸಲ್ಮಾನ್ ಅಕ್ಕಾರು ಕೇಳಿದ್ರು, ನಮಗೇನು ಅಂತ. 1986ರ ಮುಸ್ಲಿಂ ಮಹಿಳೆಯರ (ವಿಚ್ಛೇದನದ ಮ್ಯಾಲಿನ ಹಕ್ಕುಗಳ ರಕ್ಷಣೆ) ಕಾಯ್ದೆ ನಿಮಗ ಬ್ಯಾರೆ ಐತಿ, 2001ರಾಗ ಡ್ಯಾನಿಯಲ್ ಲತೀಫಿ ಪ್ರಕರಣದಾಗ ಇದ್ದತ್ (ತಲಾಖ್ ಆದ ಮ್ಯಾಲ ಹೆಂಡತಿ ಕಾಯೂ) ಅವಧಿಯೊಳಗ ಗಂಡ ಮುಂದಿನ ಬದುಕಿಗೂ ಸಾಲೂ ವ್ಯವಸ್ಥಾ ಮಾಡಬೇಕು ಅಂತ ಆಗೈತಿ, 2024ರ ಜುಲೈ 10ಕ್ಕ ಸುಪ್ರೀಂ ಕೋರ್ಟು 125ನೇ ಕಲಮ್ಮೂ ನಿಮಗ ನಡೀತೈತಿ ಅಂತ ಮತ್ತ ಹೇಳೈತಿ. ಇದರ ಬಗ್ಗೆ ಬ್ಯಾರೆ ಒಂದು ದಿನಾನ ಬೇಕು.

ರೊಕ್ಕ ಇಲ್ಲ ಅಂತ ಯಾರೂ ನಿಲ್ಲಬ್ಯಾಡ್ರಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟ ಇರಲಿ ಪುಕ್ಕಟೆ ವಕೀಲರು ಸಿಗೂದು 1987ರ ಕಾಯ್ದೆ 12ನೇ ಕಲಂದ ಹಕ್ಕು, ಜಿಲ್ಲಾ ಕೋರ್ಟಿನ ಆವಾರದಾಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಆಫೀಸೈತಿ, ಫೋನು 15100. ಹೈಕೋರ್ಟಿನ ಅಪೀಲಿಗೂ ಇದು ನಡೀತೈತಿ.

ಆ 47 ದಿನದ ತಂಗಿದು ವಿಳಂಬ ಮನ್ನಾ ಅರ್ಜಿ ಜೋಡಿ ಧಾರವಾಡದಾಗ ಅಪೀಲು ಹಾಕಿದ್ವಿ, ವಿಳಂಬ ಮನ್ನಾ ಆತು, ಅಪೀಲು ಇನ್ನೂ ನಡದೈತಿ, ಕಾರ್ಖಾನಿ ಲೆಕ್ಕಾ ಬರಬೇಕು.

ಮಾತು ಮುಗದ ಮ್ಯಾಲ ಹಿಂದಿನಿಂದ ಒಬ್ಬ ಹಿರ್ಯಾರು ಮಗಳನ್ನ ಕರಕೊಂಡು ಮುಂದ ಬಂದ್ರು, ಧೋತರದ ಮ್ಯಾಲ ಬಿಳಿ ಅಂಗಿ, ಕಿಸೆದಾಗಿಂದ ಕನ್ನಡಕ ತಗದು ಹಾಕ್ಕೊಂಡು ಮಗಳ ತೀರ್ಪಿನ ನಕಲು ನನ್ನ ಕೈಯಾಗ ಕೊಟ್ರು. ಕಡೀ ಪುಟ ಹೊಳ್ಳಿಸಿದೆ. ತೀರ್ಪು ಜನವರಿ 2ಕ್ಕ. ಅರ್ಜಿ 12ಕ್ಕ. ತಯಾರಾಗಿದ್ದು 24ಕ್ಕ. ತಗೊಂಡಿದ್ದು 30ಕ್ಕ. ಇಬ್ಬರೂ ಬೆರಳು ಮಡಚಿ ಎಣಿಸಿದ್ವಿ: 3ರಿಂದ 11ರ ತನಕ 9 ದಿನ ಹೋಗ್ಯಾವ, 12ರಿಂದ 24 ಬಿಟ್ಟು, 25ರಿಂದ 31 ಮತ್ತ 7, ಈ ತಿಂಗಳದು ಇವತ್ತ ಹಿಡದು 8. ಒಟ್ಟು 24. ಉಳದದ್ದು 6. "ನಾ ಇನ್ನೂ ಮೂರು ವಾರ ಐತಿ ಅಂತ ತಿಳ್ಕೊಂಡಿದ್ನಿ, ಕೈಗೆ ಬಂದ ದಿನದಿಂದ ಅಂತ ಹೇಳಿದ್ರು" ಅಂದ್ರು. ಇಲ್ಲ ಕಾಕಾ, ಆರನೇ ದಿನ ಅಂದ್ರ 14ನೇ ತಾರೀಖು, ಎರಡನೇ ಶನಿವಾರ, ಅದರ ಮ್ಯಾಲ ಭರವಸಿ ಇಡಬ್ಯಾಡ್ರಿ, 13ರ ಶುಕ್ರವಾರದೊಳಗ ಫೈಲ್ ಆಗಲಿ ಅಂದೆ. ಅವ್ರು ಕನ್ನಡಕ ತಗದು ಕಿಸೆದಾಗ ಇಟ್ಟು ಮಗಳ ಕಡೆ ಹೊಳ್ಳಿದ್ರು. "ಧಾರವಾಡಕ್ಕ ನಾಳೆ ಮೊದಲನೇ ಬಸ್ಸು ಎಷ್ಟಕ್ಕ ಐತಿ, ಕೇಳವಾ."